ಅಂಗಡಿಯಲ್ಲಿ ಸಿಗುತ್ತದಲ್ಲ!

ಈ ಸಲದ ನವರಾತ್ರಿಯಲ್ಲಿ ನಮ್ಮ ಮನೆಗೆ ಗೊಂಬೆ ನೋಡಲು ಬಂದವರಲ್ಲಿ ಹೆಚ್ಚಿನವರು ಒಂದೇ ಮಾತನ್ನು ಆಡಿ ಹೋದರು. ಅರಿಶಿನ ಕುಂಕುಮ ತೆಗೆದುಕೊಂಡು, ಚರ್ಪಿನ ಪೊಟ್ಟಣವನ್ನು ಮಗುವಿನ ಕೈಗೆ ಕೊಡಿಸಿ, ಮೂರನೆಯ ಮೆಟ್ಟಿಲಿನ ಮೇಲಿದ್ದ ರೈಲನ್ನು ಬಗ್ಗಿ ನೋಡಿ, 'ಇದನ್ನು ನೀವೇ ಮಾಡಿದಿರಾ? ಯಾಕೆ ಇಷ್ಟು ಕಷ್ಟಪಟ್ಟಿರಿ? ಅಂಗಡಿಯಲ್ಲಿ ಸಿಗುತ್ತದಲ್ಲ!' ಎಂದರು. ಆಡಿದವರೆಲ್ಲ ಸಜ್ಜನರು; ಕೆಲವರು ನನ್ನ ಸಹೋದ್ಯೋಗಿಗಳು. ಒಬ್ಬರಂತೂ ನಿಂತ ನಿಲುವಿನಲ್ಲೇ ಫೋನು ತೆಗೆದು ತೋರಿಸಿದರು: ಇಂಜಿನ್ನು, ನಾಲ್ಕು ಡಬ್ಬಿ, ದೀಪ, ಶಿಳ್ಳೆ ಸಮೇತ, ಈ ರಾತ್ರಿ ಹೇಳಿದರೆ ನಾಳೆ ಸಂಜೆಯೊಳಗೆ ಮನೆ ಬಾಗಿಲಿಗೆ. ನಾನು ನಕ್ಕು ಸುಮ್ಮನಾದೆ. ಹಬ್ಬದ ದಿನ ಮನೆಗೆ ಬಂದವರೊಡನೆ ಜಗಳವಾಡುವುದು ಮರ್ಯಾದೆಯಲ್ಲ. ಈಗ ಹಬ್ಬ ಮುಗಿದಿದೆ, ಗೊಂಬೆಗಳು ಟ್ರಂಕು ಸೇರಿವೆ. ಇನ್ನು ಜಗಳವಾಡಲು ಅಡ್ಡಿಯಿಲ್ಲ.

ರೈಲನ್ನು ನೋಡದವರಿಗೆ ಜಗಳದ ತಲೆಬುಡ ತಿಳಿಯದಾದ್ದರಿಂದ ಮೊದಲು ಅದರ ವಿಷಯ ಹೇಳಿಬಿಡುತ್ತೇನೆ. ಅದಕ್ಕೆ ಗಾಲಿಯಿಲ್ಲ, ಹಳಿಯಿಲ್ಲ. ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಪೆನ್‌ಸೆಲ್ಲು ಒಂದು; ಅದರ ಎರಡು ತುದಿಗೂ ಬಿಲ್ಲೆಯಂಥ ಒಂದೊಂದು ಆಯಸ್ಕಾಂತ. ಇಷ್ಟೇ ಇಂಜಿನ್ನು. ಬರಿಮೈ ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಮಾಡಿದ ಒಂದು ಮೀಟರ್ ಉದ್ದದ ಕೊಳವೆ ಅದರ ದಾರಿ. ಸೆಲ್ಲನ್ನು ಕೊಳವೆಯ ಬಾಯಿಗೆ ಇಟ್ಟರೆ ಆಯಸ್ಕಾಂತಗಳು ತಂತಿಯನ್ನು ಮುಟ್ಟುತ್ತವೆ. ಅವೆರಡರ ನಡುವಣ ಸುರುಳಿಯಲ್ಲಿ ಮಾತ್ರ ವಿದ್ಯುತ್ತು ಹರಿಯುತ್ತದೆ. ಹರಿದಷ್ಟು ಭಾಗ ತಾನೇ ಒಂದು ಆಯಸ್ಕಾಂತವಾಗಿ ಮುಂದಿನ ಬಿಲ್ಲೆಯನ್ನು ನೂಕುತ್ತದೆ, ಹಿಂದಿನದನ್ನು ಎಳೆಯುತ್ತದೆ. ಸೆಲ್ಲು ಮುಂದೆ ಹೋದಂತೆ ಎಳೆಯುವ ಸುರುಳಿಯೂ ಅದರ ಜೊತೆಗೇ ಸಾಗುತ್ತದೆ. ತಂತಿಯಲ್ಲಿ ವಿದ್ಯುತ್ತು ಹರಿದರೆ ದಿಕ್ಸೂಚಿಯ ಮುಳ್ಳು ಅಲುಗುತ್ತದೆಂದು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಕಂಡನಲ್ಲ, ಅದೇ ಸಂಗತಿ ನಮ್ಮ ಮನೆಯಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಓಡಿತು. ಕೊಳವೆಯ ಉದ್ದಕ್ಕೂ ನನ್ನ ಮಗಳು ಚೀಟಿ ಅಂಟಿಸಿದ್ದಳು: ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಬೆಂಗಳೂರು. ಓಡಲು ಎರಡು ಮೂರು ಸೆಕೆಂಡು ಸಾಕು. ಬೆಂಗಳೂರಿನಲ್ಲಿ ಹೊರಬಿದ್ದ ರೈಲನ್ನು ಕೈಯಲ್ಲಿ ಹಿಡಿದು, ಮೂತಿ ತಿರುಗಿಸಿ ಕೊಳವೆಗೆ ಬಿಟ್ಟರೆ ಮೈಸೂರಿಗೆ ವಾಪಸು.

'ನವರಾತ್ರಿಯ ಗೊಂಬೆಯಲ್ಲಿ ರೈಲೇ?' ಎಂದು ಮೂಗು ಮುರಿದ ಹಿರಿಯರೂ ಇದ್ದರು. ಅವರಿಗೆ ಉತ್ತರ ಸುಲಭ. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆ, ಕಲಶ, ದೇವರು; ಅಲ್ಲಿ ಯಾರೂ ಕೈಯಾಡಿಸುವುದಿಲ್ಲ. ಕೆಳಗಿನ ಮೆಟ್ಟಿಲುಗಳು ಎಂದೂ ಲೋಕದವು. ನಮ್ಮ ತಾಯಿಯ ಟ್ರಂಕಿನಲ್ಲಿ ಅಕ್ಕಿ ಬೇಳೆ ಹರಡಿಕೊಂಡು ಕೂತ ಶೆಟ್ಟಿ ದಂಪತಿಗಳಿದ್ದಾರೆ, ಬ್ಯಾಂಡಿನವರಿದ್ದಾರೆ, ಪೊಲೀಸಿನವನಿದ್ದಾನೆ, ಟೋಪಿಯ ದೊರೆಯೊಬ್ಬನಿದ್ದಾನೆ. ಒಂದು ಗಾಲಿ ಕಳೆದುಕೊಂಡ ಚನ್ನಪಟ್ಟಣದ ಮರದ ರೈಲೂ ಇದೆ. ಬೆಂಗಳೂರು–ಮೈಸೂರು ರೈಲು ದಾರಿ ಪೂರ್ತಿಯಾದದ್ದು 1882ರಲ್ಲಿ. ಊರಿಗೆ ಬಂದದ್ದು ಗೊಂಬೆಯ ಮೆಟ್ಟಿಲಿಗೂ ಬರುವುದೇ ಈ ಹಬ್ಬದ ರೂಢಿ. ಹಬ್ಬಕ್ಕೆ ರೈಲು ಓಡಿಸುವ ಚಪಲ ನಮಗೊಬ್ಬರಿಗೇ ಇರುವುದೂ ಅಲ್ಲ. ಅಮೆರಿಕದವರು ಕ್ರಿಸ್ಮಸ್ ಗಿಡದ ಬುಡದಲ್ಲಿ ಸುತ್ತುವ ರೈಲು ಇಡುತ್ತಾರೆ. ಅಲ್ಲಿ ಈ ಆಟಿಕೆಗೆ ಹೆಸರಾದ ಲಯನೆಲ್ ಕಂಪನಿಯ ಕೊವೆನ್ ಎಂಬಾತ ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿನಲ್ಲಿ ತನ್ನ ಮೊದಲ ವಿದ್ಯುತ್ ಬಂಡಿಯನ್ನು ಮಾಡಿದ್ದು ಮಕ್ಕಳಿಗೆಂದಲ್ಲ, ಅಂಗಡಿಯ ಗಾಜಿನ ಕಿಟಕಿಯಲ್ಲಿ ಓಡಿಸಿ ಗಿರಾಕಿಗಳ ಕಣ್ಣು ಸೆಳೆಯಲು. ಗಿರಾಕಿಗಳು ಒಳಗಿನ ಸಾಮಾನು ಬಿಟ್ಟು ಕಿಟಕಿಯ ರೈಲನ್ನೇ ಕೇಳಿದರಂತೆ. ಅಲ್ಲಿಂದ ಇಲ್ಲಿಯವರೆಗೆ ಗಿರಾಕಿ ಕಿಟಕಿಯ ಹೊರಗೇ ನಿಂತಿದ್ದಾನೆ.

ನನ್ನ ಜಗಳ ಈ ಗಿರಾಕಿಯೊಡನೆ. ಅವನು ನಾನೇ ಆಗಿರುವುದರಿಂದ ಸ್ವಲ್ಪ ಒರಟಾಗಿ ಮಾತಾಡಿದರೂ ಯಾರೂ ಬೇಸರಪಡಬೇಕಾಗಿಲ್ಲ.

ಹೇಳಿ ಕೇಳಿ ನಾನು ಕನ್ನಡ ಮೇಷ್ಟರು. ವರ್ಷ ವರ್ಷವೂ ವಚನ ಸಾಹಿತ್ಯ ಪಾಠ ಮಾಡುತ್ತೇನೆ. ಕಾಯಕವೆಂದರೇನು, ಅದು ಬರಿಯ ಕಸುಬಿಗಿಂತ ಹೇಗೆ ಬೇರೆ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ ಇವರೆಲ್ಲ ಏನು ಮಾಡಿ ಬದುಕಿದರು ಎಂದು ಗಂಟಲು ಒಣಗುವವರೆಗೆ ಹೇಳುತ್ತೇನೆ. ಪರೀಕ್ಷೆಯಲ್ಲಿ ಅದಕ್ಕೆ ಐದು ಅಂಕದ ಟಿಪ್ಪಣಿ ಕೇಳುತ್ತೇನೆ. ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದವನು. ನನ್ನ ನಲವತ್ತಾರು ವರ್ಷದ ಆಯುಷ್ಯದಲ್ಲಿ ನಾನು ಒಂದು ಹಗ್ಗ ಹೊಸೆದವನಲ್ಲ, ಒಂದು ಮೊಳೆ ನೆಟ್ಟಗೆ ಹೊಡೆದವನಲ್ಲ. ಹೋದ ಭಾದ್ರಪದದವರೆಗೆ ನಮ್ಮ ಮನೆಯಲ್ಲಿ ಒಂದು ಕಟಿಂಗ್ ಪ್ಲೇಯರ್ ಕೂಡ ಇರಲಿಲ್ಲ. ಇದ್ದ ಒಂದೇ ಸ್ಕ್ರೂಡ್ರೈವರು ಹೊಲಿಗೆ ಯಂತ್ರದ ಜೊತೆ ಬಂದದ್ದು. ನಲ್ಲಿ ಸೋರಿದರೆ ಫೋನು, ಫ್ಯೂಸ್ ಹೋದರೆ ಫೋನು. ಬಂದವನು ಐದು ನಿಮಿಷದಲ್ಲಿ ಸರಿಮಾಡಿ ಕೇಳುವ ಹಣಕ್ಕೆ ಗೊಣಗುತ್ತೇವೆ. ಅವನ ಕೈಯನ್ನು ನೋಡುವುದಿಲ್ಲ. ಓದಿದವರ ಮನೆ ಎಂದರೆ ಕೈಕೆಲಸ ಬಾರದವರ ಮನೆ ಎಂದು ಅರ್ಥವಾಗಿ ಎಷ್ಟು ತಲೆಮಾರಾಯಿತೋ. ನಮ್ಮ ಮಕ್ಕಳಿಗೆ ಇದನ್ನು ಯಾರೂ ಬಾಯಿಬಿಟ್ಟು ಕಲಿಸಬೇಕಾಗಿಲ್ಲ. 'ಸಿಗುತ್ತದಲ್ಲ' ಎಂಬ ಮಾತು ಕಿವಿಗೆ ಬೀಳುತ್ತಿದ್ದರೆ ಸಾಕು.

ಆರನೆಯ ತರಗತಿಯ ಮಗಳು ಇಂಥ ರೈಲೊಂದನ್ನು ಎಲ್ಲೋ ನೋಡಿ ಬಂದು 'ಅಪ್ಪ, ಗೊಂಬೆಗೆ ಇದನ್ನು ಮಾಡೋಣ' ಎಂದಾಗ ನನ್ನ ಬಾಯಿಂದ ಮೊದಲು ಹೊರಟದ್ದೂ ಅದೇ ಮಾತು. ಅವಳು, 'ಸಿಗುವುದು ಬೇರೆ, ಮಾಡುವುದು ಬೇರೆ ಅಲ್ಲವಾ?' ಎಂದಳು. ಎದುರಾಡಲು ತೋಚಲಿಲ್ಲ.

ತಂತಿ ತಂದೆವು. ಹೊಳೆಯುವ, ಕೆಂಪಗಿನ, ನೋಡಿದರೆ ಅಪ್ಪಟ ತಾಮ್ರ. ಎರಡು ಸಂಜೆ ಕೂತು ಪರದೆಯ ಕಂಬಿಗೆ ಸುತ್ತಿದೆವು. ಸೆಲ್ಲನ್ನು ಬಿಟ್ಟರೆ ಅದು ಕಲ್ಲಿನಂತೆ ಕೂತಿತು. ಆಯಸ್ಕಾಂತ ತಿರುಗಿಸಿದೆವು, ಸೆಲ್ಲು ಬದಲಾಯಿಸಿದೆವು, ಏನೂ ಇಲ್ಲ. ಆ ಸುರುಳಿಯನ್ನು ಹಿಡಿದುಕೊಂಡು ನಮ್ಮ ಬಡಾವಣೆಯಾಚೆ ಮೋಟಾರ್ ವೈಂಡಿಂಗ್ ಮಾಡುವವರೊಬ್ಬರ ಅಂಗಡಿಗೆ ಹೋದೆವು. ಆ ರಸ್ತೆಯಲ್ಲಿ ಹನ್ನೆರಡು ವರ್ಷದಿಂದ ಓಡಾಡುತ್ತಿದ್ದೇನೆ. ಆ ಅಂಗಡಿಯೊಳಗೆ ಕಾಲಿಟ್ಟದ್ದು ಅಂದೇ. ಆತ ತಂತಿಯನ್ನು ಉಗುರಿನಿಂದ ಕೆರೆದು, 'ಸಾರ್, ಇದು ಮೋಟಾರಿಗೆ ಸುತ್ತೋ ವಯರು. ಮೇಲೆ ವಾರ್ನಿಷ್ ಇದೆ, ಕರೆಂಟು ದಾಟಲ್ಲ. ಅರ್ತಿಂಗ್‌ಗೆ ಹಾಕ್ತಾರಲ್ಲ, ಆ ಬರೀ ತಾಮ್ರ ತಗೊಳ್ಳಿ' ಎಂದರು. ಎಂ.ಎ. ಓದಿದ ನನಗೆ ಎರಡು ಸಂಜೆಯಲ್ಲಿ ಹೊಳೆಯದ್ದು ಒಂದು ಉಗುರಿಗೆ ತಿಳಿಯಿತು.

ಕಾಲು ಕಿಲೋ ತೂಗಿಸಿ ತಂದೆವು, ಒಂದು ಮಿಲಿಮೀಟರ್ ದಪ್ಪದ್ದು. ಒಂದೊಂದು ಸುತ್ತಿಗೂ ಐದೂವರೆ ಸೆಂಟಿಮೀಟರಿನ ಮೇಲಷ್ಟು ತಂತಿ ಬೇಕು. ಸುತ್ತಿಗೂ ಸುತ್ತಿಗೂ ನಡುವೆ ತಂತಿಯ ದಪ್ಪದಷ್ಟೇ ಜಾಗ ಬಿಟ್ಟು ಎಳೆದರೂ ಒಂದು ಮೀಟರಿಗೆ ಐನೂರು ಸುತ್ತು, ಇಪ್ಪತ್ತೆಂಟು ಮೀಟರ್ ತಂತಿ ಎಂದು ಮಗಳು ಲೆಕ್ಕ ಹಾಕಿದಳು. ಶಾಲೆಯಲ್ಲಿ ಕಲಿತ ವೃತ್ತದ ಪರಿಧಿ ಅವಳಿಗೆ ಜೀವನದಲ್ಲಿ ಮೊದಲ ಸಲ ಕೆಲಸಕ್ಕೆ ಬಂದದ್ದು ಇಲ್ಲಿ. ತಂತಿ ಮಂಕಾಗಿದ್ದದ್ದನ್ನು ನೋಡಿ ನಮ್ಮ ತಾಯಿ ದೇವರ ತಂಬಿಗೆ ಬೆಳಗುವಂತೆ ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಒರೆಸಿ ಕೊಟ್ಟರು. ಸುತ್ತಲು ಕೆಲಸ ಹಂಚಿಕೊಂಡೆವು: ಅರ್ಧ ಅವಳು, ಅರ್ಧ ನಾನು.

ಎರಡು ಅರ್ಧಗಳನ್ನು ಜೋಡಿಸಿ ರೈಲು ಬಿಟ್ಟೆವು. ಮೈಸೂರಿನಿಂದ ಸರ್ರನೆ ಹೊರಟಿತು. ಮದ್ದೂರಿಗೆ ಬಂದು ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬೆರಳಿನಿಂದ ನೂಕಿದರೆ ವಾಪಸು ಮದ್ದೂರಿಗೇ ಬರುತ್ತದೆ. (ಮದ್ದೂರು ವಡೆಯ ಮೋಹವೆಂದು ನಾನು ಆಡಿದ ತಮಾಷೆಗೆ ಯಾರೂ ನಗಲಿಲ್ಲ.) ಕೊನೆಗೆ ಮಗಳೇ ಕಂಡುಹಿಡಿದಳು: ಅವಳು ತಂತಿಯನ್ನು ಬಲಕ್ಕೆ ಸುತ್ತಿದ್ದಳು, ನಾನು ಎಡಕ್ಕೆ. ಅವಳ ಅರ್ಧ ರೈಲನ್ನು ಬೆಂಗಳೂರಿಗೆ ಕಳಿಸುತ್ತದೆ, ನನ್ನ ಅರ್ಧ ಮೈಸೂರಿಗೆ ಅಟ್ಟುತ್ತದೆ. ಎರಡರ ಗಡಿಯಲ್ಲಿ ಬಡಪಾಯಿ ಸಿಕ್ಕಿಕೊಂಡಿತ್ತು. ನಾನು ಜಾಣತನದಿಂದ, 'ಅದಕ್ಕೇನಂತೆ, ನನ್ನ ತುಂಡನ್ನು ಹಿಂದುಮುಂದು ಮಾಡಿ ಜೋಡಿಸಿದರಾಯಿತು' ಎಂದೆ. ಮಾಡಿದೆವು. ಮತ್ತೆ ಮದ್ದೂರು. ವೈಂಡಿಂಗಿನವರನ್ನು ಕೇಳಿದರೆ ನಕ್ಕರು: 'ಬೋಲ್ಟನ್ನ ತಲೆಕೆಳಗೆ ಹಿಡಿದರೆ ಅದರ ಥ್ರೆಡ್ಡು ಉಲ್ಟಾ ಆಗುತ್ತಾ ಸಾರ್? ಬಿಚ್ಚಿ ಸುತ್ತಬೇಕು ಅಷ್ಟೆ.' ಇನ್ನೂರೈವತ್ತು ಸುತ್ತನ್ನು ಬಿಚ್ಚಿದೆ. ಬಿಚ್ಚಿದ ತಂತಿ ಸೊಟ್ಟಗಾಗಿತ್ತು. ನೆಟ್ಟಗೆ ಮಾಡುವ ಉಪಾಯವನ್ನೂ ಅವರೇ ತೋರಿಸಿದರು: ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಬಟ್ಟೆಯಲ್ಲಿ ಬಿಗಿಹಿಡಿದು ಎಳೆದುಕೊಂಡು ಹೋಗುವುದು. ಮಗಳು ಮುಂದೆ ಕೂತು, 'ಬಲಕ್ಕೆ ಅಪ್ಪ, ಬಲಕ್ಕೆ' ಎನ್ನುತ್ತಿದ್ದಳು. ಯಾರಿಗೂ ಪಾಠ ಹೇಳದೆ, ಹೇಳಿಸಿಕೊಳ್ಳುತ್ತ ಕಳೆದ ಅಂಥ ಸಂಜೆ ನನಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ.

ಇನ್ನು ಆಕ್ಷೇಪಣೆಗಳು. 'ಹಾಗಾದರೆ ಆಯಸ್ಕಾಂತವನ್ನೂ ಮನೆಯಲ್ಲೇ ಮಾಡಿದಿರೋ?' ಎಂದು ಭೌತಶಾಸ್ತ್ರದ ಮಿತ್ರರು ಕುಟುಕಿದರು. ಇಲ್ಲ, ತರಿಸಿದ್ದು, ಅದೂ ಫೋನಿನಲ್ಲೇ. ನಿಯೋಡಿಮಿಯಮ್ ಬಿಲ್ಲೆಯನ್ನು ಮನೆಯಲ್ಲಿ ಮಾಡಲಾಗುವುದಿಲ್ಲ. 1980ರ ದಶಕದಲ್ಲಿ ಜಪಾನಿನ ಸಗಾವಾ ಒಂದು ಕಡೆ, ಅಮೆರಿಕದ ಜನರಲ್ ಮೋಟರ್ಸಿನವರು ಇನ್ನೊಂದು ಕಡೆ ಕಂಡುಹಿಡಿದ ಬಲಶಾಲಿ ವಸ್ತು ಅದು. ಅದಕ್ಕೆ ಮುಂಚಿನ ಲಾಡದ ಆಯಸ್ಕಾಂತದಿಂದ ಈ ಆಟ ನಡೆಯುತ್ತಿರಲಿಲ್ಲ. ನಾನು ಕೊಳ್ಳುವುದರ ವಿರುದ್ಧ ವ್ರತ ತೊಟ್ಟವನಲ್ಲ. ಅಜ್ಜಿ ಚಕ್ಕುಲಿಗೆ ಅಕ್ಕಿಯನ್ನು ಕೊಂಡೇ ತರುತ್ತಿದ್ದಳು. ಹಾಗೆಂದು ಚಕ್ಕುಲಿಯನ್ನು ಅಂಗಡಿಯವನು ಮಾಡಿದನೆಂದು ಯಾರೂ ಹೇಳಲಿಲ್ಲ. ತಾಯಿಯ ಟ್ರಂಕಿನ ಚನ್ನಪಟ್ಟಣದ ರೈಲೂ ಕೊಂಡದ್ದೇ. ಆದರೆ ಹಾಲೆ ಮರವನ್ನು ಚರಕಿಗೆ ಕೊಟ್ಟು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಉಜ್ಜಾಟದ ಬಿಸಿಗೇ ಬಣ್ಣ ಕರಗಿ ಹತ್ತುವಂತೆ ಮಾಡಿದವನೊಬ್ಬನು ಅದರ ಹಿಂದಿದ್ದಾನೆಂದು ಕೈಗೆತ್ತಿಕೊಂಡವರಿಗೆ ತಿಳಿಯುತ್ತದೆ. ಫೋನಿನ ಪರದೆಯಲ್ಲಿ ಶಿಳ್ಳೆ ಹಾಕಿದ ರೈಲಿನ ಹಿಂದೆ ಯಾರಿದ್ದಾರೆಂದು ಕೊಂಡವರು ಕೇಳುವುದೂ ಇಲ್ಲ.

'ಮಗುವಿನ ಓದು ಕೆಟ್ಟೀತು' ಎಂದರು ಕೆಲವರು. ಈ ಮಾತಿಗೆ ನನಗೆ ನಿಜವಾಗಿ ಸಿಟ್ಟು ಬಂತು. ಶಾಲೆಯಿಂದ 'ಪ್ರಾಜೆಕ್ಟು' ಎಂದು ಚೀಟಿ ಬಂದರೆ ಸಂಜೆ ಸ್ಟೇಷನರಿ ಅಂಗಡಿಯ ಮುಂದೆ ಯಾರು ನಿಂತಿರುತ್ತಾರೆ? ನಾವು. ಥರ್ಮಾಕೋಲಿನ ಜ್ವಾಲಾಮುಖಿ, ಸೌರಮಂಡಲ, ಗಾಳಿಗಿರಣಿ ಎಲ್ಲ ಸಿದ್ಧವಾಗಿ ಸಿಗುತ್ತವೆ. ಮಗುವಿನ ಹೆಸರು ಬರೆದರೆ ಮುಗಿಯಿತು. ಆ ಹೆಸರನ್ನೂ ಅಕ್ಷರ ಚೆನ್ನಾಗಿರಲೆಂದು ಅಮ್ಮನೇ ಬರೆಯುತ್ತಾಳೆ. ಅದಕ್ಕೆ ಅಂಕವೂ ಬರುತ್ತದೆ. ಹತ್ತು ವರ್ಷದ ಮಗುವಿಗೆ ನಾವು ಆ ದಿನ ಕಲಿಸಿದ್ದು ಒಂದು ಸುಳ್ಳಿಗೆ ಅಪ್ಪ, ಅಮ್ಮ, ಮೇಷ್ಟರು ಮೂವರೂ ರುಜು ಹಾಕಬಹುದೆಂಬುದನ್ನು. ಮೂರು ವಾರ ತಂತಿ ಸುತ್ತಿ ಕೆಟ್ಟ ಓದು ಇದಕ್ಕಿಂತ ಹೆಚ್ಚು ಕೆಟ್ಟಿತೇ?

ಒಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗುತ್ತೇನೆ. ಈ ಬಿಲ್ಲೆಗಳು ಅಪಾಯಕಾರಿ. ಎಳೆಯ ಮಕ್ಕಳು ಎರಡನ್ನು ನುಂಗಿದರೆ ಅವು ಕರುಳಿನ ಒಳಗಿನಿಂದಲೇ ಒಂದನ್ನೊಂದು ಎಳೆದು, ನಡುವೆ ಸಿಕ್ಕ ಕರುಳಿಗೆ ತೂತು ಬೀಳುತ್ತದೆ, ಶಸ್ತ್ರಚಿಕಿತ್ಸೆಯಾಗಬೇಕಾಗುತ್ತದೆ. ಹಾಗೆಯೇ ಸೆಲ್ಲನ್ನು ಕೊಳವೆಯೊಳಗೆ ಮರೆತು ಬಿಟ್ಟರೆ ಅದು ಸುಡುವಷ್ಟು ಕಾಯುತ್ತದೆ. ಸುತ್ತ ರೇಷ್ಮೆ ಬಟ್ಟೆ, ದೀಪ. ಆದ್ದರಿಂದ ನಮ್ಮ ರೈಲು ಕೈಗೂಸುಗಳಿಗೆ ನಿಲುಕದ ಮೆಟ್ಟಿಲಿನಲ್ಲಿತ್ತು; ಓಡುವಾಗ ಮಾತ್ರ ಹೊರಗೆ ಬರುತ್ತಿತ್ತು, ಓಡಿದ ಮೇಲೆ ಬಿಲ್ಲೆಗಳ ಸಮೇತ ಬೀರುವಿಗೆ ಹೋಗಿ ಬೀಗ ಬೀಳುತ್ತಿತ್ತು. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಮಾಡಲೇಬೇಡಿ. ಬಟ್ಟೆಯ ಗೊಂಬೆ ಹೊಲಿಯಿರಿ, ಮಣ್ಣಿನ ಆನೆ ಮಾಡಿ.

ಬಡಾವಣೆಯ ಗೊಂಬೆ ಸ್ಪರ್ಧೆಯ ತೀರ್ಪುಗಾರರು ಐದನೆಯ ದಿನ ಬಂದರು. ಕೈಯಲ್ಲಿ ಅಚ್ಚು ಹಾಕಿಸಿದ ಪಟ್ಟಿ: ಅಲಂಕಾರಕ್ಕೆ ಇಷ್ಟು, ದೀಪಕ್ಕೆ ಇಷ್ಟು, ಒಟ್ಟು ನೋಟಕ್ಕೆ ಇಷ್ಟು. 'ಮನೆಯವರು ಮಾಡಿದ್ದು' ಎಂಬ ಕಾಲಮು ಇರಲಿಲ್ಲ. ಮಗಳು ರೈಲು ಬಿಟ್ಟಳು. ಒಂದು ಸಲ ಓಡಿತು, ಎರಡನೆಯ ಸಲ ಸೆಲ್ಲು ಬಸವಳಿದು ಮಂಡ್ಯದಲ್ಲಿ ನಿಂತಿತು. ಹೊಸ ಸೆಲ್ಲಿಗಾಗಿ ಅವಳು ಒಳಗೆ ಓಡಿದಾಗ ತೀರ್ಪುಗಾರರಲ್ಲೊಬ್ಬರು ಗಡಿಯಾರ ನೋಡಿಕೊಂಡು ಏನೋ ಗೀಚಿದರು. ಮೊದಲ ಬಹುಮಾನ ಬಂದ ಮನೆಯಲ್ಲಿ ಮೆಟ್ಟಿಲು, ಗೊಂಬೆ, ದೀಪ ಎಲ್ಲವನ್ನೂ ಗುತ್ತಿಗೆಯವರು ಬಂದು ಜೋಡಿಸಿ ಹೋಗಿದ್ದರು. ಅಲ್ಲೊಂದು ಕೊಂಡ ರೈಲು ಗುಡ್ಡವನ್ನು ನಿಲ್ಲದೆ ಸುತ್ತುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಲ್ಲಿ ಕಾಲು ಗಂಟೆ ಕೂತು ನಾನು ಒಂದನ್ನು ಗಮನಿಸಿದೆ. ಬಂದ ಮಕ್ಕಳು ಆ ರೈಲನ್ನು ಎರಡು ಸುತ್ತು ನೋಡಿದವು, ಮೂರನೆಯ ಸುತ್ತಿಗೆ ಬೆನ್ನು ತಿರುಗಿಸಿದವು. ಅದಕ್ಕೆ ಯಾರೂ ಬೇಕಾಗಿರಲಿಲ್ಲ. ನಮ್ಮದಕ್ಕೆ ಪ್ರತಿ ಸಲವೂ ಒಬ್ಬರು ಬೇಕು, ಬಿಡುವುದಕ್ಕೆ, ಹಿಡಿಯುವುದಕ್ಕೆ. ಆದ್ದರಿಂದ ಬಂದ ಮಗು 'ನಾನು ಬಿಡುತ್ತೇನೆ' ಎನ್ನುತ್ತಿತ್ತು, ಬಿಟ್ಟ ಮೇಲೆ 'ಯಾಕೆ ಹೋಗುತ್ತೆ?' ಎಂದು ಕೇಳುತ್ತಿತ್ತು. ನನ್ನ ಮಗಳು ಒಂಬತ್ತು ದಿನ ಹೇಳಿದಳು. ಏಳನೆಯ ದಿನದ ಹೊತ್ತಿಗೆ ನನಗಿಂತ ಚೆನ್ನಾಗಿ ಪಾಠ ಹೇಳುತ್ತಿದ್ದಳು.

ಆಯುಧಪೂಜೆಯ ದಿನ ನಮ್ಮವರೆಲ್ಲರ ಮನೆಯಂತೆ ನಮ್ಮಲ್ಲೂ ಕಾರಿನ ಗಾಲಿಗೆ ನಿಂಬೆಹಣ್ಣು, ಲ್ಯಾಪ್‌ಟಾಪಿಗೆ ಕುಂಕುಮ. ಮಗಳು ಹೊಸ ಕಟಿಂಗ್ ಪ್ಲೇಯರನ್ನು ತಂದು ಮಧ್ಯಕ್ಕೆ ಇಟ್ಟಳು. ಹೂವು ಏರಿಸಿ ತಿರುಗಿ, 'ಅಪ್ಪ, ಆ ವೈಂಡಿಂಗ್ ಅಂಗಡಿಯ ಮಾಮನನ್ನು ಗೊಂಬೆಗೆ ಕರೆದಿದ್ದೀಯಾ?' ಎಂದು ಕೇಳಿದಳು.

ಕರೆದಿರಲಿಲ್ಲ. ಪ್ರಿನ್ಸಿಪಾಲರನ್ನು ಕರೆದಿದ್ದೆ, ಭೌತಶಾಸ್ತ್ರದ ಮಿತ್ರರನ್ನು ಕರೆದಿದ್ದೆ, ಫೋನು ತೆಗೆದು ತೋರಿಸಿದ ಮಹನೀಯರನ್ನು ಕರೆದಿದ್ದೆ. ಎರಡು ಸಲ ನಮ್ಮನ್ನು ದಾರಿಗೆ ಹಚ್ಚಿ ಒಂದು ಕಾಸೂ ತೆಗೆದುಕೊಳ್ಳದವರು ನನ್ನ ನೆನಪಿಗೇ ಬಂದಿರಲಿಲ್ಲ. ಮರೆತೆ ಎಂದರೆ ಅದೂ ಅಪ್ಪಟ ಸತ್ಯವಲ್ಲ. ಅವರು ನಮ್ಮ ಮನೆಗೆ ಗೊಂಬೆ ನೋಡಲು ಬರುವವರು ಎಂದು ನನಗೆ ತೋರಿಯೇ ಇರಲಿಲ್ಲ. ಕಾಯಕದ ಮೇಲೆ ಐದು ಅಂಕದ ಟಿಪ್ಪಣಿ ಕೇಳುವವನು ನಾನು.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. ಮರುದಿನ ಸಂಜೆ ಚರ್ಪಿನ ಪೊಟ್ಟಣ ಕಟ್ಟಿಕೊಂಡು, ಕೊಳವೆಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ಅಪ್ಪ ಮಗಳು ಅವರ ಅಂಗಡಿಗೆ ಹೋದೆವು. ಬಿಚ್ಚಿಟ್ಟ ಪಂಪ್‌ಸೆಟ್ಟುಗಳ ನಡುವೆ ಬೆಂಚಿನ ಮೇಲೆ ಕೊಳವೆಯಿಟ್ಟು ಮಗಳು ರೈಲು ಬಿಟ್ಟಳು. ಆತ ಕೈಯೊರೆಸಿಕೊಂಡು ಬಂದು, ಮೂರು ಸಲ ಓಡಿಸಿ ನೋಡಿದರು. ಆಮೇಲೆ ಕೊಳವೆಯನ್ನು ಎತ್ತಿ ಬಲ್ಬಿನ ಕಡೆಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಯವರೆಗೆ ಇಣುಕಿದರು.

'ಈ ಅರ್ಧ ಪಾಪು ಸುತ್ತಿದ್ದು ಅಲ್ವಾ? ಒಳ್ಳೆ ಕೈ,' ಎಂದರು. 'ಆ ಕಡೆಯಲ್ಲಿ ನಾಲ್ಕು ಸುತ್ತು ಸಡಿಲ ಇದೆ ಸಾರ್. ಪ್ಲೇಯರ್ ತಂದಿದ್ದೀರಾ?'